ಏಕಾದಶಿಯ ಮಾತ್ರೆ

ತಲೆನೋವಿನಿಂದ ಶುರುವಾಯಿತು. ಹುಬ್ಬುಗಳ ನಡುವೆ, ಒಳಗಿನಿಂದ ಯಾರೋ ಹೆಬ್ಬೆರಳಿಟ್ಟು ಒತ್ತುತ್ತಿರುವ ಹಾಗೆ. ಆಗಷ್ಟೇ ಮೂರನೇ ಇಂಜೆಕ್ಷನ್ ಮುಗಿದಿತ್ತು.

ನನ್ನ ಅಂಗಾಲಿನ ಕಪ್ಪು ಮಚ್ಚೆ ಮೆಲನೋಮಾ ಎಂಬ ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೆ ಹರಡಿತ್ತು. ಕಿಮೋ ಕೈಕೊಟ್ಟ ಮೇಲೆ ಡಾಕ್ಟರು ನನ್ನನ್ನು ಒಂದು ಟ್ರಯಲ್‌ಗೆ ಸೇರಿಸಿಕೊಂಡರು. ಇಮ್ಯುನೋಥೆರಪಿ. ನಮ್ಮದೇ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ಮೇಲೆ ಛೂ ಬಿಡುವ ಹೊಸ ಔಷಧಿ.

ಕಿಮೋ ನಡುವೆಯೂ ಬಸ್ಸು ಹಿಡಿದು ಅಡ್ಯಾರಿನ ಶಾಲೆಗೆ ಹೋಗಿ ಗಣಿತ ಹೇಳಿಕೊಟ್ಟವಳು ನಾನು. ಈಗ ಸ್ನಾನದ ಚೊಂಬು ಎತ್ತಲೂ ಕೈಯಲ್ಲಿ ಕಸುವಿರಲಿಲ್ಲ. ಮದರಾಸಿನ ಸೆಖೆಯಲ್ಲಿ ಶಾಲು ಹೊದ್ದು ನಡುಗುತ್ತಿದ್ದೆ. ಅನ್ನ ಕಂಡರೆ ವಾಕರಿಕೆ. ನಿಂತರೆ ಕಣ್ಣು ಕತ್ತಲೆ.

“ತಲೆವಲಿ ಯಾರಿಗೆ ಬರಲ್ಲ?” ಎಂದರು ಅತ್ತೆ. “ಮಲಗಿ ಮಲಗಿಯೇ ಮೈ ಹಾಳಾಗೋದು. ಎದ್ದು ನಾಲ್ಕು ಕೆಲಸ ಮಾಡು, ಸರಿಹೋಗತ್ತೆ.”

ಸ್ಕ್ಯಾನ್ ನೋಡಿದ ಕ್ಯಾನ್ಸರ್ ಡಾಕ್ಟರು ಹಲ್ಲು ಕಿರಿದರು. “ಗಡ್ಡೆಗಳು ಕುಗ್ಗಿವೆ. ಯು ಶುಡ್ ಬಿ ಹ್ಯಾಪಿ, ಮೇಡಂ.” ತಲೆನೋವಿನ ವಿಷಯ ನನ್ನ ಬಾಯಿಂದ ಬರುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ಸಂತೋಷಪಡಲೂ ಮೈಯಲ್ಲಿ ಶಕ್ತಿ ಬೇಕು ಎಂದು ಆ ಮನುಷ್ಯನಿಗೆ ಯಾರು ಹೇಳಬೇಕು?

ಮನೆಯಲ್ಲಿ ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ಗಡ್ಡೆ ಕುಗ್ಗಿದರೆ ಸೊಸೆ ಒಂದು ವರ್ಷ ನಿರ್ಜಲ ಏಕಾದಶಿ ಮಾಡುತ್ತಾಳೆ ಎಂದು ಹರಕೆ ಹೊತ್ತಿದ್ದರಂತೆ. ಹೊಟ್ಟೆ ನನ್ನದು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಕೊನೆಗೆ ರಕ್ತಪರೀಕ್ಷೆ ಮಾಡಿಸಿದ್ದು ಇನ್ನೊಂದು ಆಸ್ಪತ್ರೆಯ ಹಾರ್ಮೋನ್ ಡಾಕ್ಟರು, ಗಟ್ಟಿ ದನಿಯ ಹೆಂಗಸು.

ಮೈಗೆ ಕಸುವು ಕೊಡುವ ಕಾರ್ಟಿಸಾಲ್ ಹಾರ್ಮೋನ್ ಹೆಚ್ಚುಕಡಿಮೆ ಸೊನ್ನೆ.

ಛೂ ಬಿಟ್ಟ ನಾಯಿ ಮನೆಯವರನ್ನೂ ಕಚ್ಚಿತ್ತು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಊದಿಕೊಂಡಿತ್ತು. ಅದರ ಅಪ್ಪಣೆಯಿಲ್ಲದೆ, ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿದ್ದವು. ಕಾರ್ಟಿಸಾಲ್ ಬದಲಿಗೆ ಸ್ಟೆರಾಯ್ಡ್ ಮಾತ್ರೆ, ಬೆಳಿಗ್ಗೆ ಮತ್ತು ಸಂಜೆ, ಬಹುಶಃ ಜೀವನಪೂರ್ತಿ. “ಒಂದು ಹೊತ್ತೂ ತಪ್ಪಿಸಬೇಡಿ. ಜೀವಕ್ಕೇ ಅಪಾಯ,” ಎಂದು ನನಗೂ ನನ್ನ ಗಂಡನಿಗೂ ಬಿಡಿಸಿ ಹೇಳಿದರು.

ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ನಾನು ಎರಡನೇ ಸಲ ಹುಳಿ ಬಡಿಸಿಕೊಂಡೆ. ಮೆಟ್ಟಿಲಿಳಿದು ಹಾಲು ತಂದೆ. ಅಷ್ಟರಲ್ಲಿ ಏಕಾದಶಿ ಬಂತು.

ದಶಮಿಯ ಸಂಜೆಯೇ ಅತ್ತೆ ಮಾತ್ರೆ ಡಬ್ಬಿಯನ್ನು ದೇವರ ಮಂಟಪದ ಪಕ್ಕಕ್ಕಿಟ್ಟರು. “ದ್ವಾದಶಿ ಪಾರಣೆ ಆದ್ಮೇಲೆ ತೊಗೋ.”

“ಡಾಕ್ಟರು ಏನು ಹೇಳಿದಾರೆ ಗೊತ್ತಲ್ಲ?”

“ಹರಕೆ ತಪ್ಪಿ ಗಡ್ಡೆ ಮತ್ತೆ ಬಂತೂಂದ್ರೆ ಏನ್ಮಾಡ್ತೀ?”

ಗಂಡ ಪೇಪರಿನಿಂದ ತಲೆ ಎತ್ತದೆ “ಒಂದು ದಿನ ತಾನೇ, ಅಡ್ಜಸ್ಟ್ ಮಾಡ್ಕೋ” ಎಂದರು. ಆ ಪೇಪರನ್ನು ಹರಿದು ಅವರ ಬಾಯಿಗೆ ತುರುಕಬೇಕೆನಿಸಿತು. ಆದರೆ ಅತ್ತೆಯ ಪ್ರಶ್ನೆಗೆ ನಾನು ಹೆದರಿದೆ. ಇಷ್ಟು ವರ್ಷ ಗಣಿತ ಹೇಳಿಕೊಟ್ಟವಳು, ಡಬ್ಬಿಯನ್ನು ಅಲ್ಲೇ ಬಿಟ್ಟು ಮಲಗಲು ಹೋದೆ.

ದ್ವಾದಶಿಯ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ವಾಂತಿ ಮಾಡಿಕೊಂಡು ಬಿದ್ದೆ.

“ಅಮ್ಮಾ, ಎನ್ನಾಚ್ಚು?” ಏನಾಯಿತೆಂದು ಮಗಳು ತಮಿಳಿನಲ್ಲಿ ಕಿರುಚಿದ್ದು ಕೇಳಿಸಿತು. ಆಮೇಲೆ ಎಮರ್ಜೆನ್ಸಿಯ ಬಿಳಿ ದೀಪ, ಕೈಗೆ ಡ್ರಿಪ್, ಸಿಗದೇ ಹೋದ ಬಿ.ಪಿ.ಗಾಗಿ ನರ್ಸುಗಳ ಓಡಾಟ. ಸ್ಟೆರಾಯ್ಡ್ ಇಂಜೆಕ್ಷನ್ ಒಳಗಿಳಿದ ಮೇಲೆ ಮುಖಗಳು ಒಂದೊಂದಾಗಿ ಸ್ಪಷ್ಟವಾದವು.

“ಮಾತ್ರೆ ನಿಲ್ಲಿಸಿದ್ದು ಯಾರು?” ಹಾರ್ಮೋನ್ ಡಾಕ್ಟರ ದನಿ ಇನ್ನಷ್ಟು ಗಟ್ಟಿಯಾಗಿತ್ತು. ಗಂಡ ಫ್ಯಾನ್ ನೋಡಿದರು.

“ನಾನೇ,” ಎಂದರು ಅತ್ತೆ. ಪಾರಣೆಯ ಹೊತ್ತು ಮೀರಿತ್ತು. ಅವರ ತುಟಿ ಒಣಗಿ ಬಿರಿದಿತ್ತು. ನೀರನ್ನೂ ಮುಟ್ಟದೆ ಬಂದಿದ್ದರು.

ನನಗೆ ಕನಿಕರ ಬರಲಿಲ್ಲ. “ನಿಮ್ಮ ಹರಕೆ ನೀವೇ ತೀರಿಸಿ,” ಎಂದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಹಾಗೆ ಮಾತನಾಡಿದ್ದು ಅದೇ ಮೊದಲು. ಸಿಟ್ಟಿನಲ್ಲಿ ಆಡಿದ ಮಾತನ್ನು ಅವರು ಅಕ್ಷರಶಃ ತೆಗೆದುಕೊಂಡರು. ತಮ್ಮ ಏಕಾದಶಿಯ ಜೊತೆಗೆ, ನನ್ನ ಪಾಲಿನದೆಂದು ಶನಿವಾರಗಳೂ ಉಪವಾಸ. ಬೇಡವೆಂದು ನಾನು ಹೇಳಲಿಲ್ಲ. ಈಗಲೂ ಹೇಳಿಲ್ಲ.

ಗಡ್ಡೆಗಳು ಸದ್ಯಕ್ಕೆ ಸುಮ್ಮನಿವೆ. ಪಿಟ್ಯುಟರಿ ಎಚ್ಚರಗೊಂಡಿಲ್ಲ. ಬದುಕಿದ್ದೇನೆ, ಅದಕ್ಕೆ ಯಾರಿಗೆ ಕೈಮುಗಿಯಬೇಕೋ ಅವರ ಮೇಲೆಲ್ಲ ನನಗಿನ್ನೂ ಕೋಪವಿದೆ.

ಮೊನ್ನೆ ಮತ್ತೆ ಏಕಾದಶಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಮಂಚದ ಪಕ್ಕ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ನುಂಗಿದೆ. ಅವರು ಕದಲಲಿಲ್ಲ.

“ಬಾಯಿ ತೆಗಿ, ನೋಡ್ತೀನಿ,” ಎಂದರು.

ತೆರೆದು ತೋರಿಸಿದೆ.