ನೆಲದ ಕೆಳಗಿನ ಗಾಳಿ

ನಾನು ನಿಂತಿದ್ದದ್ದು ನವಿ ಮುಂಬಯಿಯ ಮಹಾಪೆಯ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ, ಸರ್ವರ್ ಕೋಣೆಯ ಗಾಜಿನ ಗೋಡೆಯ ಹೊರಗೆ, ಬಾಗಿಲಿನ ಎಡಗಡೆ. ಥಾಣೆಯಿಂದ ವಾಶಿಗೆ ಲೋಕಲ್ ರೈಲು ಶುರುವಾದ ಮರುವರ್ಷದ ಮಹಾನವಮಿ. ಬೆಳಿಗ್ಗೆ ಹನ್ನೊಂದು ದಾಟಿತ್ತು. ನನ್ನ ಬಲ ಅಂಗೈ ಗಾಜಿನ ಮೇಲಿತ್ತು.

ಅವತ್ತು ಆ ಕೋಣೆಯಲ್ಲಿ ಕ್ಯಾಂಟೀನಿನ ಭಟ್ಟರು ಸತ್ತರು. ಉಪವಾಸದಿಂದ ಹೃದಯ ನಿಂತಿತು ಎಂದು ಎಲ್ಲರೂ ಹೇಳಿದರು. ಉಪವಾಸ ಬಿಡಿಸಲಿಲ್ಲವಲ್ಲ ಎಂದು ಅವರ ಹೆಂಡತಿ ತಮ್ಮನ್ನೇ ದೂರಿಕೊಂಡರು. ನಾನು ಕಂಡದ್ದು ಬೇರೆ. ಕಂಡಷ್ಟನ್ನು ಮಾತ್ರ ಬರೆಯುತ್ತೇನೆ.

ಹೊರಗೆ ನಿಂತದ್ದು ಸೂತಕದ ಕಾರಣಕ್ಕೆ. ಧಾರವಾಡದಲ್ಲಿ ದೊಡ್ಡಪ್ಪ ತೀರಿಕೊಂಡಿದ್ದರು. ರಜೆ ಸಿಗದೆ ಡೊಂಬಿವಲಿಯಿಂದ ದಿನಾ ಕೆಲಸಕ್ಕೆ ಬರುತ್ತಿದ್ದೆ, ಆದರೆ ಪೂಜೆಯಲ್ಲಿ ನಿಲ್ಲುವಂತಿರಲಿಲ್ಲ. ಒಳಗಿದ್ದವರು ದೇವರನ್ನು ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ.

ಆ ಕೋಣೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಒಂದೇ ಒಂದು ಕಂಪ್ಯೂಟರಿಗಾಗಿ ಕಟ್ಟಿದ ಕೋಣೆ. ಬೀರುವಿನಂಥ ಪೆಟ್ಟಿಗೆಗಳು, ಟೇಪು ಸುತ್ತುವ ಯಂತ್ರಗಳು, ಎಲ್ಲ ಸೇರಿ ಒಂದು ಕಂಪ್ಯೂಟರ್ ಆಗುತ್ತಿದ್ದ ಕಾಲ ಅದು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ತೋಳು ದಪ್ಪದ ಕೇಬಲ್ಲುಗಳು ಹೋಗಬೇಕಿತ್ತು. ಅವುಗಳಿಗಾಗಿ ನಿಜವಾದ ನೆಲದಿಂದ ಮೊಣಕಾಲೆತ್ತರಕ್ಕೆ ಇನ್ನೊಂದು ನೆಲ ಮಾಡಿದ್ದರು, ಎತ್ತಿ ತೆಗೆಯಬಹುದಾದ ಚೌಕ ಹಾಸುಗಳ ನೆಲ. ಏಸಿ ಯಂತ್ರಗಳು ಕೋಣೆಯ ಮೇಲಿನ ಗಾಳಿಯನ್ನು ಎಳೆದುಕೊಂಡು, ತಣ್ಣಗೆ ಮಾಡಿ, ಆ ಟೊಳ್ಳಿನೊಳಗೆ ಊದುತ್ತಿದ್ದವು. ತೂತಿರುವ ಹಾಸುಗಳಿಂದ ಅದು ಮೇಲೆ ಬರುತ್ತಿತ್ತು. ಕೆಳಗೆ ಕೇಬಲ್ಲಿಗೆ ಬೆಂಕಿ ಬಿದ್ದರೆ ಯಾರಿಗೂ ಕಾಣುವುದಿಲ್ಲವೆಂದು ಹೊಗೆ ಹಿಡಿಯುವ ಡಿಟೆಕ್ಟರುಗಳನ್ನೂ ಅಲ್ಲೇ ಇಟ್ಟಿದ್ದರು. ಹೊಗೆ ಸಿಕ್ಕರೆ ಏಸಿ ನಿಲ್ಲುತ್ತದೆ, ಹೂಟರ್ ಕೂಗುತ್ತದೆ, ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯ ಕೆಂಪು ಸಿಲಿಂಡರುಗಳಿಂದ ಗಾಳಿಗಿಂತ ಭಾರವಾದ ಕಾರ್ಬನ್ ಡೈಆಕ್ಸೈಡ್ ಬಂದು ನೆಲದ ಕೆಳಗೆ ತುಂಬಿ ಬೆಂಕಿಯ ಉಸಿರು ಕಟ್ಟಿಸುತ್ತದೆ.

ನಾನು ಸೇರುವ ಹೊತ್ತಿಗೆ ಆ ದೊಡ್ಡ ಯಂತ್ರ ಹೋಗಿತ್ತು. ಅದರ ಹತ್ತು ಪಟ್ಟು ಕೆಲಸ ಮಾಡುವ ಸರ್ವರುಗಳು ಒಂದು ಮೂಲೆಯಲ್ಲಿ ನಾಲ್ಕಾರು ಕಪಾಟುಗಳಲ್ಲಿ ಕೂತಿದ್ದವು. ಉಳಿದದ್ದು ಖಾಲಿ ನೆಲ. ಈ ವೃತ್ತಿಯಲ್ಲಿ ನಾನು ಕಂಡದ್ದು ಇದು: ಹೊಸದು ಬರುತ್ತದೆ, ಹಳೆಯದನ್ನು ಯಾರೂ ಪೂರ್ತಿ ತೆಗೆಯುವುದಿಲ್ಲ. ಯಂತ್ರವನ್ನು ಹೊತ್ತೊಯ್ದರು. ಅದನ್ನು ಕಾಯಲು ಇಟ್ಟ ಗಾಳಿ ಅಲ್ಲೇ ಉಳಿಯಿತು.

ಪ್ರತಿ ವರ್ಷ ಪೂಜೆ ದಸರೆಯ ದಿನ ಆಗುತ್ತಿತ್ತು. ಕಟ್ಟಡದ ಸೆಕ್ಯುರಿಟಿ ಸೂಪರ್‌ವೈಸರ್, ಶಹಾಡಿನ ಮರಾಠಿ ಮನುಷ್ಯ, ಬೆಳಿಗ್ಗೆಯೇ ಬಂದು ಫೈರ್ ಪ್ಯಾನೆಲ್ಲಿಗೆ ಕೀಲಿ ಹಾಕಿ, ಗ್ಯಾಸು ತಾನಾಗಿ ಬಿಡದಂತೆ ತಿರುಗಿಸುತ್ತಿದ್ದರು. ಪೂಜೆ ಮುಗಿದ ಮೇಲೆ ಮತ್ತೆ ಸರಿಪಡಿಸಿ ಪೇಢಾ ತಿಂದು ಹೋಗುತ್ತಿದ್ದರು. ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು.

ಆ ವರ್ಷ ಹೊಸ ಮ್ಯಾನೇಜರ್ ಬಂದಿದ್ದರು, ಮೈಸೂರಿನವರು. "ಆಯುಧಪೂಜೆ ಅಂದ್ರೆ ನವಮಿ ಕಣ್ರೀ," ಅಂದರು. "ದಸರೆ ದಿನ ನಮ್ಮಲ್ಲಿ ಜಂಬೂಸವಾರಿ. ಆನೆ ಹೊರಡೋ ದಿನ ಆಯುಧ ತೊಳೀತಾ ಕೂರ್ತಾರಾ ಯಾರಾದ್ರೂ?"

ಎಲ್ಲರೂ ನಕ್ಕರು. ಪೂಜೆ ಒಂದು ದಿನ ಹಿಂದಕ್ಕೆ ಬಂತು. ಅದು ಕೆಳಗಿನ ಸೆಕ್ಯುರಿಟಿಗೆ ತಲುಪಲಿಲ್ಲ. ಅದನ್ನು ತಲುಪಿಸಬೇಕಾದ ಸಂಗತಿಯೆಂದು ಯಾರಿಗೂ ಹೊಳೆದಿರಲಿಲ್ಲ.

ಒಳಗೆ ಮೂವರು. ಮ್ಯಾನೇಜರ್, ಇಲ್ಲೇ ಕಲ್ಯಾಣದಲ್ಲಿ ಹುಟ್ಟಿ ಬೆಳೆದು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಹುಡುಗಿ, ಮತ್ತು ಭಟ್ಟರು. ಭಟ್ಟರು ಕುಂದಾಪುರದ ಕಡೆಯವರು, ದಿವಾದಲ್ಲಿ ಮನೆ, ಐವತ್ತು ದಾಟಿದ ವಯಸ್ಸು. ಬೆಳಿಗ್ಗೆ ಇಡ್ಲಿ ಬೇಯಿಸಿ, ಸ್ನಾನ ಮಾಡಿ, ಮಡಿ ಉಟ್ಟು ಬಂದಿದ್ದರು. ಕಪಾಟುಗಳ ಮುಂದೆ ಸ್ಟೂಲಿನ ಮೇಲೆ ದೇವಿಯ ಪಟ, ನೆಲದ ಮೇಲೆ ಎರಡು ಹಣತೆ, ಪಕ್ಕದಲ್ಲಿ ಧೂಪ. ಬಾಗಿಲು ಇನ್ನೂ ತೆರೆದಿತ್ತು, ಮಾತು ಕೇಳುತ್ತಿತ್ತು.

"ಎಂತ ಮಾರಾಯ್ರೆ ನಿಮ್ಮ ದೇವರುಗಳು," ಭಟ್ಟರು ಸರ್ವರಿಗೆ ಕುಂಕುಮ ಹಚ್ಚುತ್ತ ಹೇಳಿದರು, "ನೈವೇದ್ಯ ಮುಟ್ಟುದಿಲ್ಲ, ಬರೀ ಕರೆಂಟು ತಿಂತವೆ."

"ಅದಕ್ಕೇ ನಿಮ್ಮ ಇಡ್ಲಿ ನಮಗೆ ಉಳಿಯೋದು," ಮ್ಯಾನೇಜರ್ ಅಂದರು. "ಬೇಗ ಮುಗ್ಸಿ ಭಟ್ರೇ, ಬ್ಯಾಕಪ್ ಇದೆ."

"ಅಂಕಲ್, ಜಾಗಟೆ ಮೈ ಬಜಾವೂಂಗೀ," ಅಂದಳು ಹುಡುಗಿ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಧೂಪದ ಹೊಗೆ ನೇರ ಮೇಲೆದ್ದು, ಬಾಗಿ, ಏಸಿಯ ನೆತ್ತಿಯೊಳಗೆ ಹೋಗುತ್ತಿತ್ತು. ಅದು ಕೆಳಗೆ ಹೋಗುತ್ತದೆಂದು ನನಗೆ ಗೊತ್ತಿತ್ತು, ಆದರೆ ಪ್ಯಾನೆಲ್ ತಿರುಗಿಸಿರಬೇಕು ಎಂದೇ ಭಾವಿಸಿದ್ದೆ. ಭಟ್ಟರು ಮಂಗಳಾರತಿಗೆ ಕರ್ಪೂರ ಹಚ್ಚಿದರು. ಮ್ಯಾನೇಜರ್ ಗಂಟೆ ಹಿಡಿದರು. ಹುಡುಗಿ ಜಾಗಟೆ ಬಾರಿಸಿದಳು. ಆ ಸದ್ದು ಗಾಜಿನಾಚೆಗೂ ಬಡಿಯುತ್ತಿತ್ತು.

ಆಗ ನನ್ನ ಅಂಗೈ ಕೆಳಗೆ ಗಾಜಿನ ನಡುಕ ನಿಂತಿತು. ಏಸಿಯಿಂದ ಆ ಗಾಜು ಹಗಲೂ ರಾತ್ರಿ ಸಣ್ಣಗೆ ನಡುಗುತ್ತಲೇ ಇರುತ್ತಿತ್ತು. ಅದು ನಿಂತದ್ದನ್ನು ನಾನು ಅದಕ್ಕೆ ಮೊದಲು ಎಂದೂ ಅನುಭವಿಸಿರಲಿಲ್ಲ. ಹೂಟರ್ ಆಗಲೇ ಕೂಗಿರಬೇಕು. ಕೂಗಿದ್ದರೂ ಅದು ಗಂಟೆ ಜಾಗಟೆಯ ಒಳಗೆ ಸೇರಿಹೋಗಿತ್ತು. ನನಗೆ ಕೇಳಲಿಲ್ಲ, ಅವರಿಗೂ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತೂತಿನ ಹಾಸುಗಳಿಂದ ಬಿಳಿಯದೊಂದು ಮಂಜು ಎದ್ದು ಅವರ ಪಾದಗಳ ಸುತ್ತ ಹರಡಿತು. ಧೂಪದ ಹೊಗೆ ಮೇಲೇರುತ್ತದೆ. ಇದು ಏರಲಿಲ್ಲ. ಎಡಗಡೆಯ ಹಣತೆ ಆರಿತು. ಆಮೇಲೆ ಬಲಗಡೆಯದು. ಜ್ವಾಲೆ ಅತ್ತಿತ್ತ ಓಲಾಡಲಿಲ್ಲ, ಚಿಕ್ಕದಾಗಿ ಇಲ್ಲವಾಯಿತು. ಭಟ್ಟರ ಕೈಯಲ್ಲಿ, ಎದೆಯೆತ್ತರದಲ್ಲಿದ್ದ ಕರ್ಪೂರ ಇನ್ನೂ ಚೆನ್ನಾಗಿ ಉರಿಯುತ್ತಿತ್ತು.

ಹುಡುಗಿ ಜಾಗಟೆ ಕೆಳಗಿಟ್ಟು ಕಡ್ಡಿ ಗೀರಿದಳು. ನಿಂತಲ್ಲಿ ಅದು ಉರಿಯಿತು. ಬಗ್ಗಿದಳು, ಹಣತೆ ಮುಟ್ಟುವ ಮೊದಲೇ ಆರಿತು. ಇನ್ನೊಂದು ಗೀರಿದಳು. ಅದೂ ಹಾಗೆಯೇ. ಅವಳು ನಕ್ಕು, ಏಸಿಯ ಕಡೆ ಕೈ ತೋರಿಸಿ ಏನೋ ಅಂದಳು. ಏಸಿಯ ಗಾಳಿ ಎಂದಳಂತೆ, ಆಮೇಲೆ ಅವಳೇ ಹೇಳಿದಳು.

ಏಸಿ ನಿಂತಿತ್ತು.

ನಾನು ಬಾಗಿಲ ಕಡೆ ತಿರುಗಿದೆ. ಮೇಲಿನ ಕೆಂಪು ದೀಪ ಮಿಣುಕುತ್ತಿತ್ತು. ಗಾಜು ಬಡಿದೆ, ಕೂಗಿದೆ. ಮ್ಯಾನೇಜರ್ ಗಂಟೆ ಬಿಡದೆ ಎಡಗೈಯಲ್ಲಿ ಇರು ಎಂದು ಸನ್ನೆ ಮಾಡಿದರು. ಅಷ್ಟರಲ್ಲಿ ಭಟ್ಟರು ಆರತಿ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಶಲ್ಯ ಸೊಂಟಕ್ಕೆ ಬಿಗಿದು, ಉದ್ದಕ್ಕೆ ಅಡ್ಡಬಿದ್ದರು. ಅವರ ಮುಖ ತೂತಿನ ಹಾಸಿನ ಮೇಲೆಯೇ ಇತ್ತು.

ಕಾರ್ಡು ತೋರಿಸಿ ಬಾಗಿಲು ತೆಗೆದೆ. ಪಾದಕ್ಕೆ ಮಂಜುಗಡ್ಡೆ ತಾಗಿದಂತಾಯಿತು. ಬಗ್ಗಿದಾಗ ಸೋಡಾ ಕುಡಿದ ಹಾಗೆ ಮೂಗು ಚುರುಗುಟ್ಟಿತು. ಗಂಟೆಯೂ ನಿಂತು, ಈಗ ಹೂಟರ್ ಸ್ಪಷ್ಟ ಕೇಳುತ್ತಿತ್ತು.

"ಸರ್, ಹೊರಗ ಬರ್ರಿ. ಗ್ಯಾಸ್ ಬಿಟ್ಟದ."

"ಇರ್ರೀ, ಅವರು ಏಳಲಿ," ಅಂದರು ಮ್ಯಾನೇಜರ್. ನಮಸ್ಕಾರ ಮಾಡುವವರನ್ನು ನಡುವೆ ಎಬ್ಬಿಸುವುದು ಯಾರಿಗೂ ರೂಢಿಯಿಲ್ಲ. ನಾನು ಕಾಲು ಹಿಡಿದು ಎಳೆದೆ. ಭಟ್ಟರ ಚಾಚಿದ ಕೈಗಳು ಮಡಚಲೇ ಇಲ್ಲ, ಹಾಗೇ ಹಿಂದೆ ಬಂದವು. ಹುಡುಗಿ ತಲೆ ಹಿಡಿದುಕೊಂಡು ಕೂರಲು ಹೊರಟಿದ್ದಳು. ಮ್ಯಾನೇಜರ್ ಅವಳ ತೋಳು ಹಿಡಿದು ನಿಲ್ಲಿಸಿ ಹೊರಗೆ ಕರೆತಂದರು.

ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದರು. ಅದು ಸುಳ್ಳಲ್ಲ. ಹೇಗೆ ಸತ್ತರೂ ಹೃದಯ ನಿಲ್ಲುತ್ತದೆ. ನವರಾತ್ರಿಯ ಉಪವಾಸದ ಮಾತು ಯಾರೋ ತೆಗೆದರು. ಸಂಜೆಯ ಹೊತ್ತಿಗೆ ಕಾರಣ ಅದೇ ಆಗಿತ್ತು. ದೇವರ ಮುಂದೆ ಅಡ್ಡಬಿದ್ದಾಗಲೇ ಹೋದರು, ಪುಣ್ಯವಂತರು ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದರು.

ಆಸ್ಪತ್ರೆಗೆ ಒಯ್ಯಲು ಗಾಡಿ ಬರುವ ಮೊದಲು, ಹೂಟರ್ ಕೇಳಿ ಓಡಿಬಂದ ಸೂಪರ್‌ವೈಸರ್ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದಿದ್ದರು. ಸಿಲಿಂಡರಿನಿಂದ ನೆಲದ ಕೆಳಗೆ ಇಳಿಯುವ ಪೈಪಿನ ಮೇಲೆ ಬಿಳಿ ಹಿಮ ಕಟ್ಟಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನೇ ನೋಡುತ್ತ ನಿಂತರು.

"ಪೂಜಾ ಉದ್ಯಾ ಹೋತೀ ನಾ?" ಅಂದರು. ಪೂಜೆ ನಾಳೆಯಲ್ಲವೇ ಎಂದು.

ಹದಿಮೂರನೆಯ ದಿನದ ಊಟಕ್ಕೆ ದಿವಾಕ್ಕೆ ಹೋದೆ. ಊಟವಾದ ಮೇಲೆ ಭಟ್ಟರ ಹೆಂಡತಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ನೀವು ಹೊರಗೆ ನಿಂತು ನೋಡಿದ್ರಂತೆ, ಹೌದಾ?"

"ಹೌದ್ರೀ ಅಕ್ಕಾರ."

"ಉಪವಾಸ ಬಿಡಿ ಅಂತ ನಾನು ಹೇಳ್ಲಿಲ್ಲ. ನೀನು ಒಂದು ಮಾತು ಹೇಳಿದ್ರೆ ತಮ್ಮ ಉಳೀತಿದ್ದ ಅಂತ ಅತ್ತಿಗೆ, ಇವರ ಅಕ್ಕ, ಫೋನು ಮಾಡಿದಾಗೆಲ್ಲ ಹೇಳ್ತಾರೆ. ಇವರಿಗೆ ಎಂತ ಆದದ್ದು?"

ಹಣತೆ, ಕಡ್ಡಿ, ಮಂಜು, ಪೈಪಿನ ಹಿಮ, ಎಲ್ಲವನ್ನೂ ಆದ ಕ್ರಮದಲ್ಲೇ ಹೇಳಿದೆ. ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಪೂರ್ತಿ ಕೇಳಿದರು.

"ಅದು ಹೊಟ್ಟೆಗೆ ತಿಂದವರನ್ನೂ ಕೊಲ್ತಿತ್ತಾ?"

"ಯಾರನ್ನಾದ್ರೂ ಕೊಲ್ತಿತ್ತು. ನಾ ಮಲಗಿದ್ರ ನನ್ನೂ."

"ಹಾಗಾದ್ರೆ ಅತ್ತಿಗೆಗೆ ಹೇಳ್ತೇನೆ," ಅಂದರು. ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚುತ್ತ ಕೇಳಿದರು, "ಒಬ್ಬರು ಹೇಳಿದ್ರೆ ಅವರು ನಂಬುದಿಲ್ಲ. ಮತ್ತೆ ಯಾರು ನೋಡಿದ್ದಾರೆ?"

ಅವತ್ತು ನಾನು ಮೂವರ ಹೆಸರು ಹೇಳಿದ್ದೆ. ಅತ್ತಿಗೆ ಈಗಲೂ ಒಪ್ಪಿಲ್ಲವೆಂದು ಕೇಳಿದ್ದೇನೆ. ಮ್ಯಾನೇಜರ್ ಮೈಸೂರಿಗೆ ಹಿಂದಿರುಗಿ, ಕಾಯಿಲೆಯಿಂದ ತೀರಿಕೊಂಡರು. ಉಳಿದವರು ಇಬ್ಬರು. ಬಗ್ಗಿದಾಗಲೆಲ್ಲ ಬೆಂಕಿ ಆರಿದ್ದನ್ನು ತನ್ನ ಕೈಯಲ್ಲೇ ಕಂಡ ಹುಡುಗಿ ಈಗ ಎರಡು ಮಕ್ಕಳ ತಾಯಿ, ಕಾಮೋಠೆಯಲ್ಲಿದ್ದಾಳೆ. ಹಿಮವನ್ನು ಮುಟ್ಟಿದ ಸೂಪರ್‌ವೈಸರ್ ನಿವೃತ್ತರಾಗಿ ಶಹಾಡಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕಿವಿ ಮಂದ, ನೆನಪು ಚೆನ್ನಾಗಿದೆ. ಇಬ್ಬರೂ ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ.