ತಾಷ್ಕೆಂಟಿನ ಸಾಹೇಬರು ಮತ್ತು ಬೋರಲು ಬಿದ್ದ ರೊಟ್ಟಿ

ಈ ಕಥೆಯಲ್ಲಿ ಇಲ್ಲದ ಮನುಷ್ಯನೊಬ್ಬ ಬರುತ್ತಾನೆ. ಅವನೊಬ್ಬನನ್ನು ಬಿಟ್ಟರೆ ಉಳಿದದ್ದೆಲ್ಲ ನಡೆದದ್ದೇ. ಅನುಮಾನ ಇದ್ದವರು ಉಜ್ಬೆಕಿಸ್ತಾನದ ಕೋಕಂದ್ ಪೇಟೆಯ ಬಾಗಿಲಲ್ಲಿ ರೊಟ್ಟಿ ಮಾರುವ ಯಾವ ಹೆಂಗಸನ್ನಾದರೂ ಕೇಳಬಹುದು. ಅವರು ಹೇಳುವಾಗ ಉಪ್ಪು ಖಾರ ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೆ.

ಬೆಳಗಿನ ಬಾಂಗ್ ಈಗಷ್ಟೇ ಮುಗಿದಿದೆ. ತಂದೂರಿನ ಮನೆಯಲ್ಲಿ ದೀಪ ಒಂದೇ. ಉಳಿದ ಬೆಳಕೆಲ್ಲ ಬೆಂಕಿಯದ್ದು. ಮುಹಯ್ಯೊ ಉದ್ದ ಮೇಜಿನ ಮುಂದೆ ನಿಂತಿದ್ದಾಳೆ. ತಲೆವಸ್ತ್ರವನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಾಳೆ, ಕೈಯಲ್ಲಿ ಚೆಕಿಚ್ ಇದೆ. ಮರದ ಹಿಡಿ, ಅದರ ಕೆಳಗೆ ಹೂವಿನ ಆಕಾರದಲ್ಲಿ ಜೋಡಿಸಿದ ಮೊಳೆಗಳು. ಹಿಟ್ಟಿನ ಬಿಲ್ಲೆಯ ನಡುವೆ ಅದನ್ನು ಒತ್ತಿದರೆ ರೊಟ್ಟಿ ಅಲ್ಲಿ ಉಬ್ಬುವುದಿಲ್ಲ, ಹೂವು ಉಳಿಯುತ್ತದೆ. ಟಪ್, ಟಪ್. ಮೇಲೆ ಚಿಟಿಕೆ ಕರಿಜೀರಿಗೆ. ಮತ್ತೆ ಟಪ್. ದಿನಕ್ಕೆ ಏಳೆಂಟು ನೂರು ರೊಟ್ಟಿ, ಅಷ್ಟೂ ಹೂವು ಅವಳ ಕೈಯಿಂದಲೇ.

ಪಕ್ಕದಲ್ಲಿ ತುರ್ದಿ ಅಕಾ ಸೊಂಟದವರೆಗೆ ತಂದೂರಿನೊಳಗೆ ಬಾಗಿ ರೊಟ್ಟಿ ಬಡಿಯುತ್ತಿದ್ದಾರೆ. ಈ ಹೊತ್ತಿನಲ್ಲಿ ಊರಿನವರು ಅವರನ್ನು ಗುರುತು ಹಿಡಿಯುವುದು ಹಿಂದಿನಿಂದಲೇ. ಇಲ್ಲಿ ಅಕಾ ಎಂದರೆ ಅಣ್ಣ, ಅಕ್ಕನಿಗೆ ಓಪಾ ಅನ್ನುತ್ತಾರೆ. ತಲೆಗೆ ಹಿಟ್ಟಿನ ಬಟ್ಟೆ ಸುತ್ತಿಕೊಂಡ ತುರ್ದಿಯವರನ್ನು ನೋಡಿದರೆ ಎರಡರಲ್ಲಿ ಯಾವುದು ಕರೆದರೂ ನಡೆದೀತು. ಅರವತ್ತು ದಾಟಿದ ಈ ಮನುಷ್ಯನ ಗಂಟಲಲ್ಲಿ ಒಂದು ಊರಿಗಾಗುವಷ್ಟು ಜನ ವಾಸವಾಗಿದ್ದಾರೆ. ತಂದೂರಿನ ಹೊಟ್ಟೆಯಿಂದ ಒಮ್ಮೆ ರೈಲು ನಿಲ್ದಾಣದ ಪ್ರಕಟಣೆ ಹೊರಡುತ್ತದೆ, ಒಮ್ಮೆ ಹಲ್ಲಿಲ್ಲದ ಅಜ್ಜಿ ಚೌಕಾಸಿ ಮಾಡುತ್ತಾಳೆ, ಒಮ್ಮೆ ನಗರಸಭೆಯವರು ಭಾಷಣ ಬಿಗಿಯುತ್ತಾರೆ. ಮುಹಯ್ಯೊ ನಗುವುದಿಲ್ಲ. ನಕ್ಕರೆ ಹೂವು ಓರೆಯಾಗುತ್ತದೆ.

ಇಪ್ಪತ್ತಾರರ ಮುಹಯ್ಯೊಗೆ ಇದು ದಿನದ ಎರಡನೇ ಕೆಲಸ. ಬೆಳಿಗ್ಗೆ ಮನೆ ಮುಂದಿನ ಬೀದಿ ಗುಡಿಸುವುದು ಸೊಸೆಯ ಪಾಲು. ಅದನ್ನು ಕತ್ತಲಲ್ಲೇ ಮುಗಿಸಿ ಬರುತ್ತಾಳೆ. ಕತ್ತಲಲ್ಲಿ ಗುಡಿಸಿದ್ದು ಸರಿಯಾಗಿಲ್ಲ ಎಂದು ಅತ್ತೆ ಹೊಸಿಯತ್ ಓಪಾ ಬೆಳಕು ಬಂದ ಮೇಲೆ ಇನ್ನೊಮ್ಮೆ ಗುಡಿಸುತ್ತಾರೆ. ಗಂಡ ಮಿನಿಬಸ್ಸು ಓಡಿಸುತ್ತಾನೆ, ಗುಡಿಸಿದ್ದರ ಮೇಲೆ ಧೂಳೆಬ್ಬಿಸಿಕೊಂಡು ಹೊರಡುತ್ತಾನೆ. ಮೂರನೇ ಕೆಲಸ ಮಧ್ಯಾಹ್ನದ್ದು. ಅಂಗಳದ ದ್ರಾಕ್ಷಿ ಚಪ್ಪರದ ಕೆಳಗಿನ ಮಂಚದ ಮೇಲೆ ಕೂತು ಮುಹಯ್ಯೊ ಹಳೆಯ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಅವಳು ವೆಬ್ ಡಿಸೈನರ್. ಹಾಗೆ ಹೇಳಿಕೊಳ್ಳಲು ಅವಳಿಗೆ ಧೈರ್ಯ ಬಂದದ್ದು ಇತ್ತೀಚೆಗೆ.

ಅಣ್ಣ ಕೊಟ್ಟ ಲ್ಯಾಪ್‌ಟಾಪ್, ರಷ್ಯನ್ ಭಾಷೆಯ ಪುಕ್ಕಟೆ ವಿಡಿಯೊ ಪಾಠಗಳು, ಇವೆರಡೇ ಅವಳ ಬಂಡವಾಳ. ಪಾಠದವನು ಕಾಫಿ ಅಂಗಡಿಯ ಪುಟ ಮಾಡಿಸಿದರೆ ಇವಳೂ ಕಾಫಿ ಅಂಗಡಿ ಮಾಡಿದಳು. ಅವನು ಕಡಲ ತೀರದ ಹೋಟೆಲು ಮಾಡಿಸಿದ, ಇವಳೂ ಮಾಡಿದಳು. ಕೋಕಂದಿನಿಂದ ಕಡಲು ಯಾವ ದಿಕ್ಕಿಗೆ ಎಂದು ಕೇಳಿದರೆ ಊರಿನ ಹಿರಿಯರೇ ಬೇರೆ ಬೇರೆ ಕಡೆ ಕೈ ತೋರಿಸುತ್ತಾರೆ.

“ಪಾಠ ಮುಗೀತಿತ್ತು. ಆಮೇಲೆ ಏನು ಮಾಡೋದು, ಯಾರಿಗೆ ಮಾಡೋದು, ಗೊತ್ತಾಗ್ತಿರಲಿಲ್ಲ,” ಎನ್ನುತ್ತಾಳೆ. “ನೀಲಿ ತೆಗೆದು ಹಸಿರು ಹಾಕ್ತಿದ್ದೆ. ಹಸಿರು ತೆಗೆದು ನೀಲಿ. ಒಂದು ದಿನ ಲ್ಯಾಪ್‌ಟಾಪ್ ತೆಗೆಯೋಕೇ ಮನಸ್ಸಾಗಲಿಲ್ಲ. ಮರುದಿನಾನೂ ಆಗಲಿಲ್ಲ. ಆಮೇಲೆ ಅದರ ಮೇಲೆ ಮಡಿಸಿದ ಬಟ್ಟೆ ಇಡೋಕೆ ಶುರು ಮಾಡಿದೆ.”

ಬಟ್ಟೆ ಇಟ್ಟದ್ದನ್ನು ಅತ್ತೆ ನೋಡಿದರು. ಹೊಸಿಯತ್ ಓಪಾ ಕೆಟ್ಟ ಅತ್ತೆಯಲ್ಲ. ತಾವು ದುಡಿಯುವ ಹೊಲಿಗೆ ಕಾರ್ಖಾನೆಯಲ್ಲಿ ಸೊಸೆಗೂ ಒಂದು ಜಾಗ ಹೇಳಿಟ್ಟಿದ್ದರು. ಅಲ್ಲಿ ಸೇರಿದರೆ ಬೆಳಗಿನಿಂದ ಸಂಜೆವರೆಗೆ ಹೊಲಿಗೆ. ರೊಟ್ಟಿಯೂ ಇಲ್ಲ, ಚಪ್ಪರದ ಕೆಳಗಿನ ಮಧ್ಯಾಹ್ನವೂ ಇಲ್ಲ. ಆದರೂ ಅವರು ನೇರವಾಗಿ ಹೇಳಿದರು: “ನವ್ರೋಜ್ ಹಬ್ಬದವರೆಗೆ ನೋಡು. ಅಷ್ಟರೊಳಗೆ ಒಬ್ಬರಾದರೂ ‘ಮುಹಯ್ಯೊ, ನನಗೊಂದು ಮಾಡಿಕೊಡು’ ಅಂತ ಬಂದರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ಬರದಿದ್ದರೆ ನೀನು ಬಾಯಿ ಮುಚ್ಕೊಂಡು ನನ್ನ ಜೊತೆ ಬಾ.”

ನ್ಯಾಯವಾದ ಮಾತು. ಮುಹಯ್ಯೊ ಅದನ್ನು ಮರುದಿನ ತಂದೂರಿನ ಮುಂದೆ ತುರ್ದಿ ಅಕಾಗೆ ಹೇಳಿದಳು. ತುರ್ದಿ ಅಕಾ ಅದನ್ನು ಚಹಾಖಾನೆಗೆ ಒಯ್ದರು. ವಾರಕ್ಕೊಮ್ಮೆ ಪಲಾವಿನ ಕಡಾಯಿ ಸುತ್ತ ಸೇರಿ ಒಬ್ಬರ ಕಾಲನ್ನೊಬ್ಬರು ಎಳೆಯುವ ಗೆಳೆಯರ ಗುಂಪು ಅಲ್ಲಿಯದು. ಅಲ್ಲಿಂದ, ಗೆಳೆಯನೊಬ್ಬನ ಫೋನಿನಿಂದ, ತುರ್ದಿ ಅಕಾರ ಗಂಟಲಿನಿಂದ, ಮುಹಯ್ಯೊಗೆ ಒಂದು ಕರೆ ಹೊರಟಿತು.

“ತಾಷ್ಕೆಂಟಿನಿಂದ ಅಸ್ಲಿದ್ದಿನ್ ಕರೀಮೊವಿಚ್ ಮಾತನಾಡುತ್ತಿದ್ದೇನೆ. ತಮ್ಮ ಹೆಸರು ನಮ್ಮ ಗಮನಕ್ಕೆ ಬಂದಿದೆ.”

ಮೂಗಿನಿಂದ ಶುರುವಾಗಿ ಹೊಟ್ಟೆಯಲ್ಲಿ ಮುಗಿಯುವ, ರಾಜಧಾನಿಯ ದೊಡ್ಡ ಕುರ್ಚಿಯ ದನಿ. ಸಾಹೇಬರು ಕೋಕಂದಿನಲ್ಲಿ ಮದುವೆ ಮನೆಗಳಿಗೆ ರೊಟ್ಟಿ ಒದಗಿಸುವ ಅಂಗಡಿ ತೆರೆಯಲಿದ್ದಾರಂತೆ, ಅದಕ್ಕೊಂದು ಜಾಲತಾಣ ಬೇಕಂತೆ. ಜಾಲ ಹೆಣೆಯಲು ಕಲಿತವಳು ಜಾಲಕ್ಕೆ ಬಿದ್ದಳು. ಬೆಳಗಾದರೆ ನಿಜ ಹೇಳಿ ಎಲ್ಲರೂ ನಗುವುದು, ಚಹಾಖಾನೆಯ ಲೆಕ್ಕ ಇಷ್ಟೇ ಇತ್ತು.

ಆದರೆ ಬೆಳಗಾದಾಗ ಮುಹಯ್ಯೊ ಓಡಿ ಬಂದಳು. ಬೀದಿಯನ್ನು ಎರಡು ಸಲ ಗುಡಿಸಿದ್ದಳಂತೆ, ಅತ್ತೆಗೆ ಕೆಲಸವೇ ಉಳಿದಿರಲಿಲ್ಲವಂತೆ. ಗಿರಾಕಿ ಸಿಕ್ಕಿದ ಸುದ್ದಿಯನ್ನು ಮೊದಲು ಹೇಳಿದ್ದು ತುರ್ದಿ ಅಕಾಗೇ. ಕೆಲಸ ಪಕ್ಕಾ ಆಗುವವರೆಗೆ ಅತ್ತೆಗೆ ಹೇಳುವುದಿಲ್ಲವಂತೆ. ಅವರು ತಲೆಯನ್ನು ತಂದೂರಿನೊಳಗೆ ಹಾಕಿದವರು, ಒಳಗಿನ ರೊಟ್ಟಿಯೆಲ್ಲ ಹೊರಬಂದ ಮೇಲೂ ತೆಗೆಯಲಿಲ್ಲ.

“ಹೇಳೋದು ಹೇಗೆ ಹೇಳಿ? ಅವಳ ಮುಖ ನೋಡಿದ್ದರೆ ನೀವೂ ಒಳಗೆ ತಲೆ ಹಾಕ್ತಿದ್ದಿರಿ,” ಎಂದು ಅವರು ಈಗಲೂ ಸಮಜಾಯಿಷಿ ಕೊಡುತ್ತಾರೆ. ಅವರು ಹುಡುಕಿದ ದಾರಿ ಬೇರೆ. ಸಾಹೇಬರನ್ನು ತಲೆ ಚಿಟ್ಟು ಹಿಡಿಸುವ ಗಿರಾಕಿ ಮಾಡಿಬಿಟ್ಟರೆ ಹುಡುಗಿ ತಾನೇ ಬೇಸತ್ತು ಕೈ ಬಿಡುತ್ತಾಳೆ. ಸಾಹೇಬರೂ ಗೌರವದಿಂದ ಕಣ್ಮರೆಯಾಗಬಹುದು.

ಹಾಗೆ ತಕರಾರು ಶುರುವಾಯಿತು. ಮೊದಲ ಕರಡು ನೋಡಿ ಸಾಹೇಬರು, ನಮ್ಮ ತಾಯಿಯವರಿಗೆ ಅಕ್ಷರ ಕಾಣುತ್ತಿಲ್ಲ ಎಂದರು. ಮುಹಯ್ಯೊ ಅಕ್ಷರ ದೊಡ್ಡದು ಮಾಡಿ ಅತ್ತೆಗೆ ಕನ್ನಡಕವಿಲ್ಲದೆ ಓದಿಸಿ ನೋಡಿದಳು. ಮದುವೆ ಮನೆಯಲ್ಲಿ ರೊಟ್ಟಿ ತರಿಸುವವಳ ಕೈಗೆ ಹಿಟ್ಟು ಮೆತ್ತಿರುತ್ತದೆ, ಅವಳೇನು ಮೂಗಿನಿಂದ ಒತ್ತಬೇಕೆ ಎಂದರು. ಮುಹಯ್ಯೊ ಗುಂಡಿಗಳನ್ನು ಬೆರಳ ಗೆಣ್ಣಿನಿಂದ ಒತ್ತುವಷ್ಟು ಅಗಲ ಮಾಡಿದಳು, ಮೊಣಕೈಯಿಂದಲೂ ಒತ್ತಿ ನೋಡಿದಳು. ಇನ್ನೊಮ್ಮೆ, ಈ ಚಿತ್ರದ ರೊಟ್ಟಿ ಯಾವ ದೇಶದ್ದು, ಇದನ್ನು ತಿಂದು ಬದುಕಿದವರು ಇದ್ದಾರೆಯೇ ಎಂದು ಕೇಳಿದರು. ಮರುದಿನ ಬೆಳಿಗ್ಗೆ ಅವಳು ಬಿಸಿ ರೊಟ್ಟಿಯ ಫೋಟೊ ತೆಗೆಯಲು ನಿಂತಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನಿಂತವರು ತುರ್ದಿ ಅಕಾ. ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲೆ ಎಂದಾಗಲೆಲ್ಲ ತೆಪ್ಪಗೆ ಎಡಕ್ಕೂ ಮೇಲಕ್ಕೂ ಹಿಡಿದರು.

ಪ್ರತಿ ಬೆಳಿಗ್ಗೆ ದೂರು ಕೇಳಿಸಿಕೊಳ್ಳುವುದೂ ಅವರ ಪಾಲಿಗೇ ಬಂತು.

“ಆ ಮನುಷ್ಯನ ಮಾತು ಅವನ ಮನೇಲಿ ಯಾರೂ ಕೇಳಲ್ಲ ಅಂತ ಕಾಣುತ್ತೆ ಅಕಾ. ಅದಕ್ಕೇ ನನ್ನ ತಲೆ ತಿಂತಾನೆ.”

“ಇರಬಹುದು,” ಎಂದರು ತುರ್ದಿ ಅಕಾ, ಮನೆಯಲ್ಲಿ ಯಾರೂ ಅವರ ಮಾತು ಕೇಳುತ್ತಿರಲಿಲ್ಲ. “ಬಿಟ್ಟುಬಿಡು ಮಗಳೇ. ಹಾಳಾಗಿ ಹೋಗಲಿ ಮುದುಕ.”

“ಬಿಡೋದು ಹೇಗೆ? ಹೇಳೋದೆಲ್ಲ ಸರಿಯಾಗೇ ಹೇಳ್ತಾನೆ. ನನಗೆ ಸಿಟ್ಟು ಬರೋದೇ ಅದಕ್ಕೆ.”

ಬಟ್ಟೆಯ ಮಡಿಕೆಗಳು ಲ್ಯಾಪ್‌ಟಾಪಿನ ಮೇಲಿಂದ ಪೆಟ್ಟಿಗೆಗೆ ಹಿಂತಿರುಗಿದ್ದವು. ಕಡಲ ತೀರದ ಹೋಟೆಲು ಮರೆತೇ ಹೋಗಿತ್ತು.

ಹಬ್ಬಕ್ಕೆ ವಾರವಿತ್ತು. ಮನೆ ಮನೆಗಳಲ್ಲಿ ಹಬ್ಬದ ಪಾಯಸಕ್ಕೆಂದು ನೆನೆಹಾಕಿದ ಗೋಧಿ ಮೊಳಕೆ ಬಿಟ್ಟಿತ್ತು. ಮುಹಯ್ಯೊ ತನ್ನ ದೊಡ್ಡ ಅಸ್ತ್ರ ತೆಗೆದಳು. ಪಾಠದಲ್ಲಿ ಒಂದು ಚಮತ್ಕಾರ ಕಲಿತಿದ್ದಳು: ಚಿತ್ರ ಮುಟ್ಟಿದರೆ ಅದು ಗಿರ್ರನೆ ಮಗುಚಿ ಬೆನ್ನು ತೋರಿಸುತ್ತದೆ, ಬೆನ್ನ ಮೇಲೆ ಬೆಲೆ. ಆ ಗುಂಗಿನಲ್ಲಿ ಅದನ್ನು ರೊಟ್ಟಿಗೂ ಹಾಕಿ ಕಳಿಸಿದಳು. ಸಂಜೆ ಸಾಹೇಬರ ಕರೆ ಬಂತು. ಪ್ರಗತಿ ತೃಪ್ತಿಕರವಾಗಿದೆ ಎನ್ನುತ್ತಿದ್ದರು. ಚಹಾಖಾನೆಯಲ್ಲಿ ಅವರ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯ ಬೆರಳು ಪಕ್ಕದವನ ಫೋನಿನ ಪರದೆಯ ಮೇಲೆ. ಬೆರಳು ರೊಟ್ಟಿಯನ್ನು ಮುಟ್ಟಿತು. ರೊಟ್ಟಿ ಬೋರಲಾಯಿತು.

ತಂದೂರಿಗೆ ಬಡಿಯುವ ಮೊದಲು ಹಸಿ ಹಿಟ್ಟನ್ನು ಹೇಗೆ ಬೇಕಾದರೂ ಮಗುಚಬಹುದು. ಬೆಂದ ಮೇಲೆ ಬೋರಲು ಹಾಕುವುದು ಅನ್ನಕ್ಕೆ ಮಾಡುವ ಅವಮಾನ, ಹಾಗೆ ಹಾಕಿದವರು ಈ ಊರಿನಲ್ಲಿಲ್ಲ. ಮೂರು ವರ್ಷದ ಮಗುವೂ ಕವುಚಿ ಬಿದ್ದ ರೊಟ್ಟಿ ಕಂಡರೆ ನೆಟ್ಟಗೆ ಮಾಡಿ ಮುಂದೆ ಹೋಗುತ್ತದೆ. ತಾಷ್ಕೆಂಟ್ ಒಂದೇ ಏಟಿಗೆ ಕೋಕಂದಿಗೆ ಬಂದು ಬಿತ್ತು.

“ಏ ಹುಡುಗೀ! ರೊಟ್ಟೀನ ಬೋರಲು ಹಾಕ್ತಾರೇನೇ? ಎತ್ತೇ, ಎತ್ತೇ ಅದನ್ನ!”

ಆಮೇಲೆ ಒಂದು ಕೆಮ್ಮು. “ಅಂದರೆ... ನಮ್ಮ ಸಂಸ್ಥೆಯ ದೃಷ್ಟಿಯಿಂದ...” ಎಂದು ಸಾಹೇಬರು ಮೂಗು ಹುಡುಕಿಕೊಳ್ಳುವಷ್ಟರಲ್ಲಿ ಮುಹಯ್ಯೊ, ಸರಿಪಡಿಸುತ್ತೇನೆ ಎಂದು ಹೇಳಿ ಫೋನು ಇಟ್ಟಳು. ಅಂಥ ‘ಏ ಹುಡುಗೀ’ಯನ್ನು ಅವಳು ದಿನಾ ಬೆಳಿಗ್ಗೆ ತಂದೂರಿನ ಪಕ್ಕದಲ್ಲಿ ಕೇಳುತ್ತಿದ್ದಳು.

“ಮೊದಲು ಅಳು ಬಂತು,” ಎನ್ನುತ್ತಾಳೆ. “ನಗು ಬಂದದ್ದು ಆಮೇಲೆ, ಪಾತ್ರೆ ತೊಳೀವಾಗ. ಆದರೆ ಕಾರ್ಖಾನೆಗೆ ಹೋಗೋದು ಖಾತ್ರಿ ಆಯ್ತು ಅಂದ್ಕೊಂಡೆ. ಗಿರಾಕೀನೇ ಇಲ್ಲವಲ್ಲ.”

ಎಲ್ಲ ಅಳಿಸಿಬಿಡೋಣ ಎಂದು ಲ್ಯಾಪ್‌ಟಾಪ್ ತೆಗೆದಳು. ಅಳಿಸುವ ಮುಂಚೆ ಒಮ್ಮೆ ನೋಡಿದಳು. ಅಜ್ಜಿಯರಿಗೆ ಕಾಣುವ ಅಕ್ಷರ. ಹಿಟ್ಟಿನ ಕೈಗೆ ಸಿಗುವ ಗುಂಡಿ. ತುರ್ದಿ ಅಕಾ ಎತ್ತಿ ಹಿಡಿದ, ಅವಳೇ ಹೂವೊತ್ತಿದ ರೊಟ್ಟಿ. ಅಲ್ಲಿ ಕಂಡದ್ದು ಪಾಠದವನ ಊರಲ್ಲ, ಅವಳು ದಿನಾ ನಿಲ್ಲುವ ತಂದೂರಿನ ಮನೆ. ಗಿರಾಕಿ ಇರಲಿಲ್ಲ, ಅಂಗಡಿ ಇತ್ತು.

ಅವಳು ಚಮತ್ಕಾರವನ್ನಷ್ಟೇ ಕಿತ್ತುಹಾಕಿದಳು. ಈಗ ಮುಟ್ಟಿದರೆ ರೊಟ್ಟಿ ಅಲುಗುವುದಿಲ್ಲ, ಅದರ ಕೆಳಗಿನ ಊಟದ ಹಾಸುಬಟ್ಟೆ ಬಿಚ್ಚಿಕೊಂಡು ಬೆಲೆ ತೋರಿಸುತ್ತದೆ. ಅಂಗಡಿಗೆ ಸಾಹೇಬರ ಹೆಸರನ್ನೇ ಇಟ್ಟಳು. ಫೋನ್ ನಂಬರು ಮಾತ್ರ ತುರ್ದಿ ಅಕಾರದು. ಪೇಟೆಯಲ್ಲಿ ಚೆಕಿಚ್ ಮಾಡುವವನ ಹತ್ತಿರ ಹೋಗಿ ಹೂವಿನ ಸುತ್ತ ಆ ಹೆಸರಿನ ಜಾಲತಾಣದ ವಿಳಾಸ ಬರುವ ಹಾಗೆ ಹೊಸದೊಂದನ್ನು ಮಾಡಿಸಿದಳು. ಬೇರೆ ರೊಟ್ಟಿಯವರು ಫೋನ್ ನಂಬರು ಒತ್ತುವುದುಂಟು. ತಮ್ಮ ರೊಟ್ಟಿಗೆ ಹೂವೇ ಸಾಕು ಎನ್ನುವ ಜಂಬ ತುರ್ದಿ ಅಕಾರದು.

ಹಬ್ಬಕ್ಕೆ ಎರಡು ದಿನವಿರುವಾಗ ಅವಳು ಹೊಸ ಚೆಕಿಚ್ ಹಿಡಿದಳು. ಟಪ್, ಟಪ್. ತಂದೂರಿನ ಶಾಖಕ್ಕೆ ತುರ್ದಿ ಅಕಾ ಕನ್ನಡಕ ಹಾಕುವುದಿಲ್ಲ. ಇವತ್ತು ಹೂವು ಸ್ವಲ್ಪ ದಪ್ಪ ಅರಳಿದೆ ಎಂದರು, ಅಷ್ಟೆ. ರೊಟ್ಟಿ ಪೇಟೆಗೆ ಹೋಯಿತು. ರೊಟ್ಟಿಯ ಮೇಲೆ ಬರಹ ಕಂಡರೆ ಯಾರು ಸುಮ್ಮನಿರುತ್ತಾರೆ? ಫೋನಿನಲ್ಲಿ ಹುಡುಕಿದರು.

ಬಿಸಿಲು ಬಾಗಿಲ ಮುಂದಿನ ಹಿಪ್ಪುನೇರಳೆ ಮರಕ್ಕೆ ಬರುವ ಹೊತ್ತಿಗೆ ತುರ್ದಿ ಅಕಾರ ಫೋನು ಬಡಿದುಕೊಂಡಿತು. ಆ ಕಡೆಯಿಂದ ಯಾರೋ ಹೆಂಗಸು, ಅಸ್ಲಿದ್ದಿನ್ ಸಾಹೇಬರಾ, ಮಗಳ ನಿಶ್ಚಿತಾರ್ಥಕ್ಕೆ ರೊಟ್ಟಿ ಬೇಕಿತ್ತು ಎಂದಳು. ತುರ್ದಿ ಅಕಾ ರಾಂಗ್ ನಂಬರ್ ಎಂದು ಇಟ್ಟರು. ಇನ್ನೊಂದು ಬಂತು. ಮೂರನೆಯದು ಬಂದಾಗ ಫೋನನ್ನು ದೂರ ಹಿಡಿದು ನೋಡಿದರು, ಮುಹಯ್ಯೊಳನ್ನು ನೋಡಿದರು. ಅವಳು ಮೈ ಮರೆತವಳಂತೆ ಕರಿಜೀರಿಗೆ ಉದುರಿಸುತ್ತಿದ್ದಳು. ಕನ್ನಡಕ ಹುಡುಕಿ ಹಾಕಿಕೊಂಡು ಒಂದು ರೊಟ್ಟಿ ಎತ್ತಿ ಓದಿದರು. ಮುಖ ತಂದೂರಿಗಿಂತ ಕೆಂಪಾಯಿತು.

ಅದೇ ಹೊತ್ತಿಗೆ ಹೊಸಿಯತ್ ಓಪಾ ಒಳಗೆ ಬಂದರು. ಕಾರ್ಖಾನೆಯವರು ಉತ್ತರ ಕೇಳಿದ್ದಾರೆ, ಸೊಸೆಯ ತೀರ್ಮಾನ ಏನು ಎಂದು ಕೇಳಲು ಬಂದವರು. ಕೈಯಲ್ಲಿ ಪೇಟೆಯಲ್ಲಿ ಕೊಂಡ ರೊಟ್ಟಿ. “ಇದ್ಯಾರು ಈ ಅಸ್ಲಿದ್ದಿನ್?” ಎಂದರು.

ತುರ್ದಿ ಅಕಾ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರು. ಅದಕ್ಕೂ ಮೊದಲು ಫೋನು ಮತ್ತೆ ಬಂತು, ಮದುವೆಯದ್ದು, ದೊಡ್ಡ ಬೇಡಿಕೆ. ಮಾತು ಮುಗಿಸಿ ಅವರು ಮುಹಯ್ಯೊ ಕಡೆ ತಿರುಗಿದರು. ಯಾರ ದನಿಯೂ ಅಲ್ಲ, ತಮ್ಮದೇ ದನಿ: “ಮುಹಯ್ಯೊ, ಅದನ್ನ ನನಗೇ ಮಾಡಿಕೊಡಮ್ಮ. ಹೆಸರು ಬೇಕಾದರೆ ಅವನದೇ ಇರಲಿ.”

ಹೊಸಿಯತ್ ಓಪಾ ಕೈಯಲ್ಲಿದ್ದ ರೊಟ್ಟಿಯನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟರು. ಆಮೇಲೆ, ಕಾರ್ಖಾನೆಯ ಜಾಗ ಪಕ್ಕದ ಮನೆ ಹುಡುಗಿಗಾದರೂ ಸಿಗಲಿ ಎಂದು ಹೇಳಿ, ಇನ್ನೆರಡು ರೊಟ್ಟಿ ಆರಿಸಿಕೊಂಡು ಕೂತರು.

ಈಗ ಊರಿನ ತೊಟ್ಟಿಲು ಮಾಡುವವರಿಗೂ ಮದುವೆಗೆ ಕಹಳೆ ಊದುವವರಿಗೂ ಮುಹಯ್ಯೊ ಮಾಡಿದ ಪುಟಗಳಿವೆ. ಗಿರಾಕಿ ಬಂದರೆ ಮೊದಲು ಅವರ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ನಿಲ್ಲುತ್ತಾಳೆ. ಅವಳ ಆಸೆ ದೊಡ್ಡದೇನಲ್ಲ: ಪೇಟೆ ಬೀದಿಯಲ್ಲಿ ಒಂದು ಕಿಟಕಿಯಿರುವ ಕೋಣೆ. ಹೂವೊತ್ತುವುದನ್ನು ಮಾತ್ರ ಬಿಡುವುದಿಲ್ಲವಂತೆ.

ಆದರೆ ಆ ಬೆಳಿಗ್ಗೆ ಇನ್ನೂ ಮುಗಿದಿರಲಿಲ್ಲ. ಫೋನು ಮತ್ತೆ ಬಡಿದುಕೊಂಡಿತು. ತುರ್ದಿ ಅಕಾ ಎರಡೂ ಕೈ ಹಿಟ್ಟಾಗಿ ನಿಂತಿದ್ದರು. ಮುಹಯ್ಯೊ ಬೆರಳ ಗೆಣ್ಣಿನಿಂದ ಒತ್ತಿ ಫೋನು ತೆಗೆದಳು, ಎದೆ ಉಬ್ಬಿಸಿದಳು, ಮೂಗಿನಿಂದ ಶುರುಮಾಡಿ ಹೊಟ್ಟೆಯಲ್ಲಿ ಮುಗಿಸಿದಳು:

“ಅಸ್ಲಿದ್ದಿನ್ ಕರೀಮೊವಿಚ್ ಸದ್ಯ ತಂದೂರಿನೊಳಗಿದ್ದಾರೆ. ತಮ್ಮ ಹೆಸರು ನಮ್ಮ ಗಮನಕ್ಕೆ ಬಂದಿದೆ.”

ಹೊಸಿಯತ್ ಓಪಾ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡರು. ಬಾಗಿಲಲ್ಲಿ ರೊಟ್ಟಿಗೆ ನಿಂತಿದ್ದ ಹೆಂಗಸರೂ ನಕ್ಕರು. ಆದರೆ ಹಿಟ್ಟಿನ ಮೂಟೆಯ ಮೇಲೆ ಕುಸಿದು, ಬಿಳಿ ಕೈಗಳಿಂದ ಕಣ್ಣೊರೆಸಿಕೊಂಡು ಮುಖವನ್ನೂ ಬಿಳಿ ಮಾಡಿಕೊಂಡ ತುರ್ದಿ ಅಕಾರ ನಗು, ಅವರ ಗಂಟಲಲ್ಲಿದ್ದ ಅಷ್ಟೂ ಜನ ಒಟ್ಟಿಗೆ ನಕ್ಕಂತೆ, ಬೀದಿಯ ಕೊನೆಯ ಚಹಾಖಾನೆವರೆಗೆ ಕೇಳಿಸಿತು.