ಹೊಸ್ತಿಲೊಳಗಿನ ರಂಗೋಲಿ

ಮಕ್ಕಳೇ, ನಾನು ನಿಮಗಿಂತಲೂ ಚಿಕ್ಕವನಿದ್ದಾಗ, ಹಾಸನದ ಹಳೆಯ ಪೇಟೆಯಲ್ಲಿ ಅಪ್ಪನಿಗೊಂದು ಬೆಲ್ಲದ ಮಂಡಿ ಇತ್ತು. ಅದರ ಹಿಂದೆ, ಅಂಗಡಿಗಳ ಬೆನ್ನುಗಳ ನಡುವೆ, ದೊಡ್ಡದೊಂದು ಮಹಡಿ ಮನೆ ಹುದುಗಿಕೊಂಡಿತ್ತು. ಬೀದಿಯಿಂದ ಅದರ ಒಡೆದ ಹೆಂಚುಗಳೂ ಗೋಡೆ ಸೀಳಿ ಬೆಳೆದ ಅರಳಿ ಸಸಿಯೂ ಮಾತ್ರ ಕಾಣುತ್ತಿದ್ದವು. ಸಂದಿಯೊಳಗಿನ ಮುಂಬಾಗಿಲಿಗೆ ತುಕ್ಕು ಹಿಡಿದ ಬೀಗ. ಅಲ್ಲಿ ದೆವ್ವವಿದೆಯೆಂದು ನನ್ನ ಓರಗೆಯ ಹುಡುಗರೆಲ್ಲ ನಂಬಿದ್ದರು, ನಾನೂ ನಂಬಿದ್ದೆ.

ಬೆಲ್ಲದ ಮಂಡಿಯಲ್ಲಿ ಬೆಳೆದವನಿಗೆ ಇರುವೆಗಳ ಸ್ವಭಾವ ಚೆನ್ನಾಗಿ ಗೊತ್ತಿರುತ್ತದೆ. ಒಂದು ಬೆಳಿಗ್ಗೆ, ಆ ಮನೆಯ ಹಿತ್ತಲ ಗೋಡೆಯ ಬಿರುಕಿನಿಂದ ಹೊರಬರುತ್ತಿದ್ದ ಇರುವೆ ಸಾಲನ್ನು ಕಂಡು ನಿಂತುಬಿಟ್ಟೆ. ಅವು ನಮ್ಮ ಬೆಲ್ಲದ ಕಡೆ ತಿರುಗಿಯೂ ನೋಡದೆ ಬೆಳ್ಳನೆಯ ಕಣಗಳನ್ನು ಹೊತ್ತು ಸಾಗುತ್ತಿದ್ದವು. ಬೆರಳಿನಿಂದ ಮುಟ್ಟಿ ನೋಡಿದೆ, ಅಕ್ಕಿ ಹಿಟ್ಟು! ಬೀಗ ಹಾಕಿದ ಮನೆಯೊಳಗೆ ಹಿಟ್ಟು ಎಲ್ಲಿಂದ ಬಂತು? ಬೆಲ್ಲದ ಮೂಟೆಗಳನ್ನೇರಿ ಗೋಡೆಯ ಆಚೆಗೆ ಇಳಿದೆ.

ಒಳಗೆ ತಣ್ಣನೆಯ ಕತ್ತಲೆ, ಬಾವಲಿಗಳ ಘಾಟು. ಮನೆಯ ನಡುವಿನ ತೆರೆದ ತೊಟ್ಟಿಯಲ್ಲಿ ಮಾತ್ರ ಚೌಕವಾಗಿ ಬಿಸಿಲು ಬಿದ್ದಿತ್ತು. ಅದರಾಚೆ, ಮುಚ್ಚಿದ ಮುಂಬಾಗಿಲಿನ ಒಳಮಗ್ಗುಲಲ್ಲಿ, ಆಗ ತಾನೇ ಬಿಟ್ಟ ರಂಗೋಲಿ ಇತ್ತು. ಎಲ್ಲರೂ ಹೊಸ್ತಿಲ ಹೊರಗೆ ಬಿಡುವುದನ್ನು ಇಲ್ಲಿ ಯಾರೋ ಒಳಗೆ ಬಿಟ್ಟಿದ್ದರು. ಎಳೆಗಳು ದಪ್ಪವಾಗಿದ್ದವು, ಅಲ್ಲಲ್ಲಿ ನಡುಗಿದ್ದವು.

"ತುಳೀಬ್ಯಾಡ ಕಣಪ್ಪ, ಎಳೆ ಅಳಿಸೋಯ್ತದೆ."

ಕಂಬದ ಮರೆಯಲ್ಲಿ ಸೆರಗು ಹೊದ್ದ ಹೆಂಗಸೊಬ್ಬರು ಕುಳಿತಿದ್ದರು. ಅವರ ಬೆರಳುಗಳು ಅರ್ಧಕ್ಕೇ ಮುಗಿದಿದ್ದವು. ಜನ ಆಗ 'ದೊಡ್ಡರೋಗ' ಎಂದು ಪಿಸುಗುಡುತ್ತಿದ್ದ ಕುಷ್ಠರೋಗ ಅದೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿದೆ.

"ನನ್ನ ದೆವ್ವ ಅಂತಾರಲ್ವಾ? ದೆವ್ವ ಎದ್ದು ಕಸ ಗುಡಿಸ್ತದೇನ್ಲಾ?" ಎಂದು ನಕ್ಕು, ಮೆಲ್ಲಗೆ ಕೇಳಿದರು: "ಇದ ಯಾರೂ ನೋಡಿಲ್ಲ. ನೀನೇ ಯೋಳು, ಚೆಂದಾಗೈತಾ?"

"ಚೆಂದಾಗೈತೆ," ಎಂದೆ. ನಿಜಕ್ಕೂ ಚೆಂದವಾಗಿತ್ತು.

"ಅಂಗಾದ್ರೆ ನಾಳೀಕೂ ಬಾ. ನವಿಲು ಬಿಟ್ಟಿರ್ತೀನಿ."

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗರು ಕಲ್ಲುಗಳನ್ನು ಆಯ್ದುಕೊಂಡು ಆ ಮನೆಯ ಮುಂದೆ ಸೇರಿದರು. ದೆವ್ವವನ್ನು ಎಬ್ಬಿಸುವ ಆಟ. ನನ್ನ ಕೈಗೂ ಒಂದು ಕಲ್ಲು ಬಂತು. 'ಒಳಗೆ ಮನುಷ್ಯರಿದ್ದಾರೆ' ಎಂಬ ಒಂದೇ ವಾಕ್ಯ ಸಾಕಾಗಿತ್ತು. ಆದರೆ ಹೇಳಿದರೆ ನಾನು ದೊಡ್ಡರೋಗದ ಮನೆ ಹೊಕ್ಕವನಾಗುತ್ತಿದ್ದೆ. ಮರುದಿನದಿಂದ ನನ್ನ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ.

"ಏನ್ಲಾ ಬೆಲ್ಲದಿರುವೆ, ಹೆದ್ರಿಕೆ ಬಂತಾ?" ಎಂದು ಒಬ್ಬ ಕೆಣಕಿದ.

ನಾನೂ ಎಸೆದೆ. ಹೆಂಚು ಒಡೆದು ಒಳಗೆ ಬಿದ್ದ ಸದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಗೋಡೆ ಹಾರಿದೆ. ನವಿಲಿರಲಿಲ್ಲ. ಗುಡಿಸದ ನೆಲದ ಮೇಲೆ ಹೆಂಚಿನ ಚೂರುಗಳೂ ನಮ್ಮ ಕಲ್ಲುಗಳೂ ಬಿದ್ದಿದ್ದವು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಎಷ್ಟು ಕರೆದರೂ ಅದು ತೆರೆಯಲಿಲ್ಲ. ಹಿಂದಿರುಗಿ ಗೋಡೆಯಿಂದ ಇಳಿಯುವಾಗ ಕೆಳಗೆ ಅಪ್ಪ ನಿಂತಿದ್ದರು. ಒಂದು ಕೈಯಲ್ಲಿ ಮುಚ್ಚಿದ ಊಟದ ಪಾತ್ರೆ, ಕಂಕುಳಲ್ಲಿ ಅಕ್ಕಿಯ ಗಂಟು.

"ನಿಮ್ಮತ್ತೆ ಕಣ್ಲಾ, ನನ್ನ ಒಡಹುಟ್ಟಿದ ಅಕ್ಕ," ಎಂದರು. "ಮನೇಲಿ ಮದುವೆ ಆಗೋ ಹೆಣ್ಮಕ್ಕಳವ್ರೆ ಅಂತ ನಾವ್ಯಾರೂ ಬಾಯಿ ಬಿಡ್ಲಿಲ್ಲ."

ಕಲ್ಲಿನ ವಿಷಯವನ್ನು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಅತ್ತೆ ತೀರಿಕೊಳ್ಳುವವರೆಗೂ ಆ ಬಿರುಕಿನ ಇರುವೆಗಳು ಮತ್ತೆ ಬಿಳಿಯ ಕಣ ಹೊರಲಿಲ್ಲ.

ಮುಂದೆ ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಮನುಷ್ಯರ ಸಮಾನತೆಯ ಪರವಾಗಿ ವಾದಿಸಿ ಅನೇಕ ಬಹುಮಾನ ಗೆದ್ದೆ. ಅಂದು ಬಾಯಿಗೆ ಬಾರದ ಆ ಒಂದು ವಾಕ್ಯಕ್ಕೆ ಅವುಗಳಲ್ಲಿ ಯಾವುದೂ ಸಮನಲ್ಲ.

ಈಗ ಆ ರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾತ್ರೆ ಸಿಗುತ್ತದೆ. ಆ ಮನೆಯ ಜಾಗದಲ್ಲಿ ಗಾಜಿನ ಮಳಿಗೆಗಳು ಎದ್ದಿವೆ. ನೀವು ಗೇಟಿನ ಹೊರಗೆ, ಹೋಗಿಬರುವವರೆಲ್ಲ ನೋಡುವಂತೆ, ಕಲ್ಲಿನ ಪುಡಿಯಲ್ಲಿ ರಂಗೋಲಿ ಬಿಡುತ್ತೀರಿ. ಆ ಪುಡಿಗೆ ಇರುವೆ ಬರುವುದಿಲ್ಲ. "ತಾತ, ಚೆನ್ನಾಗಿದೆಯಾ?" ಎಂದು ನೀವು ಕೂಗಿದಾಗ ನಾನು ತಿಂಡಿ ತಟ್ಟೆಯ ಮುಂದಿನಿಂದ ಎದ್ದು ಬಂದು, ಒಂದೊಂದು ಎಳೆಯನ್ನೂ ನೋಡಿ, ಬೀದಿಗೆಲ್ಲ ಕೇಳುವಂತೆ ಉತ್ತರಿಸುವುದು ಅದಕ್ಕೇ.